ತಂಪು ಎಲ್ಲಿ ತಪ್ಪಿತು?

ಒಡೆಯರಪಾಳ್ಯದಂಥ ಊರಿನಲ್ಲಿ ಕಾರಿಗೆ ಏಸಿ ಯಾಕೆ ಬೇಕು ಎಂದು ಬಯಲುಸೀಮೆಯವರು ಕೇಳಬಹುದು. ಒಂದು ಕಡೆ ಬಿಳಿಗಿರಿರಂಗನ ಬೆಟ್ಟ, ಇನ್ನೊಂದು ಕಡೆ ಮಲೆ ಮಹದೇಶ್ವರ ಬೆಟ್ಟದ ಕಾಡು. ನಡುವೆ ಜೋಳದ ಹೊಲಗಳು, 1974ರಲ್ಲಿ ನೆಲೆಗೊಂಡ ಧೋಂಡೆನ್‌ಲಿಂಗ್ ಟಿಬೆಟನ್ ವಸತಿ. ಏಪ್ರಿಲ್ ತಿಂಗಳಲ್ಲಿ ಕೊಳ್ಳೇಗಾಲ ಕಾದ ಕಾವಲಿಯಾಗಿದ್ದರೂ ಇಲ್ಲಿಗೆ ಏರಿ ಬಂದರೆ ಗಾಳಿಯ ಹದವೇ ಬೇರೆ. ಕಿಟಕಿ ಇಳಿಸಿದರೆ ಸಾಲದೆ?

ಬೇಸಗೆಗೆ ಸಾಕು. ಹಿಂಗಾರು ಮಳೆಯ ಸಂಜೆಗೆ ಸಾಲದು. ಹೊರಗೆ ಮಳೆ, ಒಳಗೆ ಐದು ಜನರ ಉಸಿರು. ಕಿಟಕಿ ಏರಿಸಿದರೆ ಎರಡೇ ನಿಮಿಷದಲ್ಲಿ ಮುಂದಿನ ಗಾಜು ಹಾಲಿನ ಬಣ್ಣಕ್ಕೆ ತಿರುಗುತ್ತದೆ. ಉಸಿರಿನ ನೀರಾವಿ ತಣ್ಣನೆಯ ಗಾಜಿಗೆ ತಾಗಿ ಸಣ್ಣ ಹನಿಗಳಾಗಿ ಕೂರುವುದೇ ಇದಕ್ಕೆ ಕಾರಣ. ಚಾಲಕ ಒಂದು ಕೈಯಲ್ಲಿ ಚಕ್ರ ಹಿಡಿದು ಇನ್ನೊಂದು ಕೈಯಲ್ಲಿ ಬಟ್ಟೆಯಿಂದ ಗಾಜು ಒರೆಸುತ್ತಾನೆ. ಕಾಡಿನ ರಸ್ತೆಯ ತಿರುವಿನಲ್ಲಿ ಆನೆ ನಿಂತಿದ್ದರೆ ಅದು ಕಾಣಬೇಕಾದ್ದು ಇದೇ ಗಾಜಿನ ಮೂಲಕ. ಏಸಿ ಕೆಲಸ ಮಾಡುತ್ತಿದ್ದರೆ ಒಳಗಿನ ಗಾಳಿ ತಣ್ಣನೆಯ ಸುರುಳಿಯ ಮೇಲೆ ಹಾದು, ತನ್ನ ನೀರನ್ನು ಅಲ್ಲಿಯೇ ಬಿಟ್ಟು, ಒಣಗಿ ಬಂದು ಗಾಜಿಗೆ ಬೀಸುತ್ತದೆ. ಮಂಜು ಕೆಲವೇ ಕ್ಷಣಗಳಲ್ಲಿ ಮಾಯ. ನಿಂತ ಕಾರಿನ ಅಡಿಯಲ್ಲಿ ತೊಟ್ಟಿಕ್ಕುವ ನೀರು ಹೀಗೆ ಹಿಂಡಿದ ನೀರೇ.

ಆದ್ದರಿಂದ ಹಳೆಯ ಕಾರಿನ ಏಸಿ ಕೈಕೊಟ್ಟರೆ ಅದು ಬರೀ ಸುಖದ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಊಹೆಯ ಬೆಲೆ

ಏಸಿ ನಿಂತಿತು ಎಂದೊಡನೆ ಹತ್ತು ಜನ ಹತ್ತು ಮಾತು ಹೇಳುತ್ತಾರೆ. ‘ಗ್ಯಾಸ್ ಹೋಗಿದೆ, ತುಂಬಿಸಿ’ ಎನ್ನುವುದು ಮೊದಲ ಮಾತು. ತುಂಬಿಸಿದರೂ ಸರಿಹೋಗದಿದ್ದರೆ ‘ರಿಲೇ ಬದಲಾಯಿಸಿ’. ಅದೂ ಆದ ಮೇಲೆ ‘ಕಂಪ್ರೆಸರೇ ಹೋಗಿದೆ’. ಒಂದೊಂದು ಊಹೆಗೂ ಒಂದೊಂದು ಬಿಲ್ಲು. ಕೊನೆಗೆ ಎಂಜಿನ್ ಪಕ್ಕದ ತುಕ್ಕು ಹಿಡಿದ ಒಂದು ಸ್ಕ್ರೂವಿನ ಕೆಳಗೆ ರೋಗ ಸಿಕ್ಕರೆ, ಅಷ್ಟರಲ್ಲಿ ಖರ್ಚಾದ ಹಣ ಮಕ್ಕಳ ಒಂದು ವರ್ಷದ ಪುಸ್ತಕಗಳ ಬೆಲೆಯನ್ನು ದಾಟಿರುತ್ತದೆ.

ಹಳೆಯ ಕಾರು ಎಂದರೆ ಯಾವುದು? ಮಾರುತಿ 800 ರಸ್ತೆಗೆ ಬಂದದ್ದು 1983ರ ಡಿಸೆಂಬರಿನಲ್ಲಿ, ತಯಾರಿಕೆ ನಿಂತದ್ದು 2014ರಲ್ಲಿ. ಅಂಬಾಸಿಡರ್ ತಯಾರಿಕೆ ನಿಂತದ್ದೂ ಅದೇ ವರ್ಷ. ಆ ಕಾಲದ ಕಾರುಗಳು ಇನ್ನೂ ಅಲ್ಲಲ್ಲಿ ಓಡುತ್ತಿವೆ. ಅವುಗಳಲ್ಲಿ ಹಲವಕ್ಕೆ ಏಸಿಯನ್ನು ಕಾರು ಕೊಂಡ ಮೇಲೆ ಹೊರಗಿನ ಅಂಗಡಿಗಳಲ್ಲಿ ಜೋಡಿಸಿದ್ದುಂಟು. ಅಂಥ ಕಾರಿನಲ್ಲಿ ತಂತಿಯ ಬಣ್ಣವನ್ನು ನಂಬುವಂತಿಲ್ಲ. ಡ್ಯಾಶ್‌ಬೋರ್ಡಿನ ಹಿಂದೆ ಕೆಂಪಾಗಿ ಹೊರಟ ತಂತಿ ಎಂಜಿನ್ ಹತ್ತಿರ ಕಪ್ಪಾಗಿ ಹೊರಬರುತ್ತದೆ. ನಡುವೆ ಎಲ್ಲೋ ಕೈಯಲ್ಲಿ ಹೊಸೆದು ಟೇಪು ಸುತ್ತಿದ ಗಂಟು.

ಆದರೆ ಹಳೆಯ ಕಾರಿಗೆ ಒಂದು ದೊಡ್ಡ ಗುಣವಿದೆ. ಅದರ ಏಸಿಯನ್ನು ಆಳುವ ಕಂಪ್ಯೂಟರ್ ಇಲ್ಲ. ಎಲ್ಲವೂ ತಂತಿ, ಸ್ವಿಚ್ಚು, ಸುರುಳಿ. ಹತ್ತನೆಯ ತರಗತಿಯಲ್ಲಿ ಕಲಿಯುವ ಓಮನ ನಿಯಮವೊಂದು ಗೊತ್ತಿದ್ದರೆ ಅದರ ವಿದ್ಯುತ್ ರೋಗವನ್ನು ಮನೆಯಂಗಳದಲ್ಲಿಯೇ ಪತ್ತೆ ಮಾಡಬಹುದು. ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಬರೆದು ಮರೆಯುವ ನಿಯಮಕ್ಕೆ ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಸಿಗುವುದು ಕಷ್ಟ.

ಕರೆಂಟಿನ ಕೆಲಸ ಎಲ್ಲಿಯವರೆಗೆ?

ಕಾರಿನ ತಂಪು ಹುಟ್ಟುವುದು ವಿದ್ಯುತ್ತಿನಿಂದಲ್ಲ, ಎಂಜಿನ್ನಿನ ಬಲದಿಂದ. ಕಂಪ್ರೆಸರನ್ನು ಎಂಜಿನ್ ಒಂದು ಬೆಲ್ಟಿನ ಮೂಲಕ ತಿರುಗಿಸುತ್ತದೆ. ಅದು ಅನಿಲವನ್ನು ಒತ್ತಿ ಬಿಸಿ ಮಾಡುತ್ತದೆ. ಮುಂದಿನ ಜಾಲರಿಯಾದ ಕಂಡೆನ್ಸರಿನಲ್ಲಿ ಅದು ಶಾಖ ಬಿಟ್ಟುಕೊಟ್ಟು ದ್ರವವಾಗುತ್ತದೆ. ಆಮೇಲೆ ಕಿರಿದಾದ ಬಾಯಿಯಿಂದ ಹೊರಟು, ಡ್ಯಾಶ್‌ಬೋರ್ಡಿನ ಒಳಗಿನ ಸುರುಳಿಯಲ್ಲಿ ಆವಿಯಾಗುತ್ತಾ ಸುತ್ತಲಿನ ಗಾಳಿಯ ಶಾಖವನ್ನು ಹೀರುತ್ತದೆ. ಕೈಗೆ ಹಚ್ಚಿದ ಸ್ಪಿರಿಟ್ ಆರುವಾಗ ತಣ್ಣಗಾಗುವ ಹಾಗೆ.

ಇಷ್ಟರಲ್ಲಿ ವಿದ್ಯುತ್ತಿನ ಪಾಲು ಮೂರು. ಒಂದು, ಒಳಗೆ ಗಾಳಿ ಬೀಸುವ ಬ್ಲೋಯರ್. ಎರಡು, ಕಂಡೆನ್ಸರಿಗೆ ಗಾಳಿ ಹಾಕುವ ಫ್ಯಾನ್. ಮೂರು, ಕಂಪ್ರೆಸರಿನ ಮೂತಿಯಲ್ಲಿರುವ ಕ್ಲಚ್. ಈ ಮೂರನೆಯದೇ ಕತೆಯ ನಾಯಕ. ಬೆಲ್ಟು ಸುತ್ತಿದ ಗಾಲಿ ಎಂಜಿನ್ ಇರುವಷ್ಟು ಹೊತ್ತೂ ತಿರುಗುತ್ತಿರುತ್ತದೆ. ಆದರೆ ಅದರ ನಡುವಿನ ತಟ್ಟೆ ಸುಮ್ಮನಿರುತ್ತದೆ. ಗಾಲಿಯ ಹಿಂದಿನ ತಾಮ್ರದ ಸುರುಳಿಗೆ ಕರೆಂಟು ಬಂದಾಗ ಅದು ಅಯಸ್ಕಾಂತವಾಗಿ ತಟ್ಟೆಯನ್ನು ‘ಟಕ್’ ಎಂದು ಎಳೆದುಕೊಳ್ಳುತ್ತದೆ. ಆಗ ಕಂಪ್ರೆಸರ್ ತಿರುಗುತ್ತದೆ. ಕರೆಂಟು ನಿಂತರೆ ತಟ್ಟೆ ಬಿಡುತ್ತದೆ. ಏಸಿಯ ಬಹುಪಾಲು ವಿದ್ಯುತ್ ರೋಗಗಳೆಂದರೆ ಈ ‘ಟಕ್’ ಸದ್ದು ಬಾರದಿರುವುದು ಅಥವಾ ಬಂದು ಉಳಿಯದಿರುವುದು.

ಸಾಲಾಗಿ ನಿಂತ ಕಾವಲುಗಾರರು

ಬ್ಯಾಟರಿಯಿಂದ ಹೊರಟ ಕರೆಂಟು ಕ್ಲಚ್ಚನ್ನು ಮುಟ್ಟುವ ಮೊದಲು ಹಲವರ ಅಪ್ಪಣೆ ಪಡೆಯಬೇಕು. ಕೀಲಿ ತಿರುಗಿದೆಯೆ? ಫ್ಯೂಸ್ ಸರಿಯಿದೆಯೆ? ಬ್ಲೋಯರ್ ಓಡುತ್ತಿದೆಯೆ? ಏಸಿಯ ಗುಂಡಿ ಒತ್ತಿದೆಯೆ? ಆಮೇಲೆ ಥರ್ಮೋಸ್ಟಾಟ್ ಕೇಳುತ್ತದೆ: ಒಳಗಿನ ಸುರುಳಿ ಮಂಜುಗಟ್ಟುವಷ್ಟು ತಣ್ಣಗಾಗಿಲ್ಲ ತಾನೆ? ಒತ್ತಡದ ಸ್ವಿಚ್ಚು ಕೇಳುತ್ತದೆ: ಕೊಳವೆಯಲ್ಲಿ ಅನಿಲ ತೀರ ಕಡಿಮೆಯಾಗಿಲ್ಲ ತಾನೆ, ಒತ್ತಡ ಮಿತಿ ಮೀರಿಲ್ಲ ತಾನೆ? ಎಲ್ಲರೂ ‘ಸರಿ’ ಎಂದರೆ ಮಾತ್ರ ರಿಲೇಗೆ ಸಂದೇಶ ಹೋಗುತ್ತದೆ. ಈ ಕಾವಲುಗಾರರ ಕ್ರಮ ಕಾರಿನಿಂದ ಕಾರಿಗೆ ಸ್ವಲ್ಪ ಬದಲಾಗಬಹುದು. ಸಾಲು ಮಾತ್ರ ಎಲ್ಲೆಡೆ ಇದ್ದದ್ದೇ.

ರಿಲೇ ಎಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆಳುವ ಸ್ವಿಚ್ಚು. ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಈ ಡಬ್ಬಿಯ ಕಾಲುಗಳ ಮೇಲೆ ಸಾಮಾನ್ಯವಾಗಿ ಅಂಕಿಗಳಿರುತ್ತವೆ. 85 ಮತ್ತು 86 ಒಳಗಿನ ಪುಟ್ಟ ಸುರುಳಿಯ ಎರಡು ತುದಿಗಳು. 30ಕ್ಕೆ ಬ್ಯಾಟರಿಯಿಂದ ಕರೆಂಟು ಬರುತ್ತದೆ, 87ರಿಂದ ಕ್ಲಚ್ಚಿಗೆ ಹೋಗುತ್ತದೆ. ಈ ನಾಲ್ಕು ಅಂಕಿಗಳನ್ನು ನೆನಪಿಟ್ಟುಕೊಂಡರೆ ಅರ್ಧ ಕೆಲಸ ಮುಗಿಯಿತು.

ಕೊನೆಯಲ್ಲಿ ಎಲ್ಲರೂ ಮರೆಯುವ ಒಂದು ತುಂಡಿದೆ. ಕ್ಲಚ್ಚಿನಿಂದ ಹೊರಬಂದ ಕರೆಂಟು ಬ್ಯಾಟರಿಗೆ ಮರಳುವುದು ಕಾರಿನ ಕಬ್ಬಿಣದ ಮೈಯ ಮೂಲಕ. ಇದಕ್ಕೆ ‘ಅರ್ಥ್’ ಎನ್ನುತ್ತಾರೆ. ಹೋಗುವ ದಾರಿಯನ್ನು ಹತ್ತು ಸಲ ನೋಡುವವರು ಬರುವ ದಾರಿಯನ್ನು ಒಂದು ಸಲವೂ ನೋಡುವುದಿಲ್ಲ. ತುಕ್ಕು ಹಿಡಿಯುವುದು ಹೆಚ್ಚಾಗಿ ಅಲ್ಲಿಯೇ.

ಬರಿಗೈಯ ಪರೀಕ್ಷೆ

ಉಪಕರಣ ಮುಟ್ಟುವ ಮೊದಲು ಕಣ್ಣು ಕಿವಿಗಳಿಗೆ ಐದು ನಿಮಿಷ ಕೊಡಬೇಕು. ಹಳೆಯ ಕಾರುಗಳಲ್ಲಿ ಹಲವಕ್ಕೆ ಎಂಜಿನ್ ಓಡಿಸದೆ, ಕೀಲಿಯನ್ನು ಮಾತ್ರ ತಿರುಗಿಸಿ, ಬ್ಲೋಯರ್ ಹಾಕಿ, ಏಸಿ ಗುಂಡಿ ಒತ್ತಿದರೂ ಕ್ಲಚ್ಚಿನ ‘ಟಕ್’ ಕೇಳಿಸುತ್ತದೆ. ಒಬ್ಬರು ಗುಂಡಿ ಒತ್ತಲಿ, ಇನ್ನೊಬ್ಬರು ಬಾನೆಟ್ ಬಳಿ ಕಿವಿಗೊಟ್ಟು ನಿಲ್ಲಲಿ. ಆಗ ಸಿಗುವ ಲಕ್ಷಣಗಳಿಗೆ ಒಂದೊಂದಕ್ಕೂ ಒಂದೊಂದು ಅರ್ಥವಿದೆ.

ಬ್ಲೋಯರೇ ತಿರುಗದಿದ್ದರೆ ಕ್ಲಚ್ಚಿನ ಕಡೆ ನೋಡುವ ಅಗತ್ಯವಿಲ್ಲ. ಹಲವು ಕಾರುಗಳಲ್ಲಿ ಬ್ಲೋಯರ್ ಸ್ವಿಚ್ಚಿನ ಮೂಲಕವೇ ಏಸಿಗೆ ಕರೆಂಟು ಹೋಗುವುದರಿಂದ ಫ್ಯೂಸ್, ಬ್ಲೋಯರ್ ಸ್ವಿಚ್ಚು, ಅದರ ಅರ್ಥ್, ಈ ಮೂರನ್ನು ಮೊದಲು ನೋಡಬೇಕು.

ಬ್ಲೋಯರ್ ಕೊನೆಯ ವೇಗದಲ್ಲಿ ಮಾತ್ರ ಓಡಿ ಉಳಿದ ವೇಗಗಳಲ್ಲಿ ಸತ್ತಂತಿದ್ದರೆ ಮೋಟಾರು ನಿರಪರಾಧಿ. ಕಡಿಮೆ ವೇಗಗಳಿಗಾಗಿ ಸರಣಿಯಲ್ಲಿ ಇಟ್ಟಿರುವ ರೋಧಕ ಸುಟ್ಟಿದೆ. ಪೂರ್ಣ ವೇಗದಲ್ಲಿ ಕರೆಂಟು ಆ ರೋಧಕವನ್ನು ಬಳಸಿಕೊಂಡು ಹೋಗುತ್ತದೆ, ಅದಕ್ಕೇ ಆಗ ಓಡುತ್ತದೆ.

ರಿಲೇಯಿಂದ ‘ಟಿಕ್’ ಎಂಬ ಸಣ್ಣ ಸದ್ದು ಬಂದು, ಕ್ಲಚ್ಚಿನ ‘ಟಕ್’ ಬಾರದಿದ್ದರೆ ಕಾವಲುಗಾರರೆಲ್ಲ ಒಪ್ಪಿದ್ದಾರೆ ಎಂದರ್ಥ. ತೊಂದರೆ ರಿಲೇಯ ಸಂಪರ್ಕ, ಕ್ಲಚ್ಚಿಗೆ ಹೋಗುವ ತಂತಿ, ಸುರುಳಿ ಅಥವಾ ಅರ್ಥ್‌ನಲ್ಲಿದೆ. ‘ಟಿಕ್’ ಕೂಡ ಇಲ್ಲದಿದ್ದರೆ ಕಾವಲುಗಾರರ ಸಾಲಿನಲ್ಲಿಯೇ, ಇಲ್ಲವೇ ರಿಲೇಯ ಪುಟ್ಟ ಸುರುಳಿಯಲ್ಲಿ ಹುಡುಕಬೇಕು.

ಓಡುವಾಗ ತಂಪು, ಸಂತೆಯ ಜನಜಂಗುಳಿಯಲ್ಲಿ ನಿಂತರೆ ಬಿಸಿ ಎಂದಾದರೆ ಕಂಡೆನ್ಸರಿನ ಫ್ಯಾನ್ ನಿಂತಿರುವ ಸಾಧ್ಯತೆ ಹೆಚ್ಚು. ಓಡುವಾಗ ಎದುರುಗಾಳಿಯೇ ಫ್ಯಾನಿನ ಕೆಲಸ ಮಾಡುತ್ತದೆ. ಹೊರಟ ಅರ್ಧ ಗಂಟೆಯ ಮೇಲೆ ಗಾಳಿಯೇ ಕ್ಷೀಣವಾಗಿ, ಏಸಿ ಆರಿಸಿ ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಸರಿಹೋದರೆ ಒಳಗಿನ ಸುರುಳಿಯ ಮೇಲೆ ಮಂಜುಗಡ್ಡೆ ಕಟ್ಟುತ್ತಿದೆ. ಥರ್ಮೋಸ್ಟಾಟ್ ಸರಿಯಾದ ಹೊತ್ತಿಗೆ ಕರೆಂಟು ಕಡಿಯುತ್ತಿಲ್ಲ. ಕ್ಲಚ್ಚು ಕೆಲವೇ ಸೆಕೆಂಡಿಗೊಮ್ಮೆ ಹಿಡಿದು ಬಿಟ್ಟು ಮಾಡುತ್ತಿದ್ದರೆ ಅನಿಲ ಕಡಿಮೆಯಾಗಿರಬಹುದು. ಕ್ಲಚ್ಚು ಗಟ್ಟಿಯಾಗಿ ಹಿಡಿದು, ಫ್ಯಾನೂ ತಿರುಗಿ, ತಂಪು ಮಾತ್ರ ಇಲ್ಲದಿದ್ದರೆ ಅದು ಬಹುಪಾಲು ವಿದ್ಯುತ್ತಿನ ರೋಗವಲ್ಲ. ಅಲ್ಲಿಗೆ ಮನೆಯ ಪರೀಕ್ಷೆ ಮುಗಿಸಿ ಏಸಿ ಬಲ್ಲವರ ಬಳಿ ಹೋಗಬಹುದು.

ಹನ್ನೆರಡು ವೋಲ್ಟಿನ ಸುಳ್ಳು

ಈಗ ಮಲ್ಟಿಮೀಟರಿನ ಸರದಿ. ಸಾಧಾರಣ ಡಿಜಿಟಲ್ ಮೀಟರ್ ಸಾಕು. ಒಂದು ಕಾಲ್ಪನಿಕ ಉದಾಹರಣೆ ನೋಡಬಹುದು. ಕ್ಲಚ್ಚಿನ ‘ಟಕ್’ ಬರುತ್ತಿಲ್ಲ. ತಂದೆ ಕ್ಲಚ್ಚಿನ ತಂತಿಯ ಕೊಂಡಿ ಕಳಚಿ, ಮೀಟರಿನ ಕೆಂಪು ಮೊನೆಯನ್ನು ತಂತಿಗೂ ಕಪ್ಪು ಮೊನೆಯನ್ನು ಕಂಪ್ರೆಸರಿನ ಮೈಗೂ ತಾಗಿಸುತ್ತಾರೆ. ಮೀಟರ್ 12.6 ವೋಲ್ಟ್ ತೋರಿಸುತ್ತದೆ. ‘ಕರೆಂಟು ಬರುತ್ತಿದೆ, ಆದ್ದರಿಂದ ಕ್ಲಚ್ಚೇ ಕೆಟ್ಟಿದೆ’ ಎಂಬ ತೀರ್ಮಾನ ಸಿದ್ಧವಾಗುತ್ತದೆ. ಹತ್ತನೆಯ ತರಗತಿಯ ಮಗಳು ಮಾತ್ರ ಕೊಂಡಿಯನ್ನು ಮತ್ತೆ ಸೇರಿಸಿ, ಏಸಿ ಹಾಕಿದ ಸ್ಥಿತಿಯಲ್ಲಿಯೇ ಅಳೆಯಬೇಕು ಎನ್ನುತ್ತಾಳೆ. ಅಳೆದರೆ 9.45 ವೋಲ್ಟ್!

ಎರಡೂ ಅಳತೆ ನಿಜ. ವ್ಯತ್ಯಾಸ ಬಂದದ್ದು ಹೇಗೆ?

ಕ್ಲಚ್ಚಿನ ಸುರುಳಿಯ ರೋಧ 3.6 ಓಮ್ ಎಂದಿರಲಿ. ಇಂಥ ಸುರುಳಿಗಳು ಸಾಮಾನ್ಯವಾಗಿ ಈ ಆಸುಪಾಸಿನಲ್ಲಿಯೇ ಇರುತ್ತವೆ. ದಾರಿ ಚೊಕ್ಕಟವಾಗಿದ್ದರೆ 12.6ನ್ನು 3.6ರಿಂದ ಭಾಗಿಸಿ, 3.5 ಆಂಪಿಯರ್ ಹರಿಯಬೇಕು. ಆದರೆ ಕಂಪ್ರೆಸರಿನ ಮೈಗೂ ಬ್ಯಾಟರಿಗೂ ನಡುವೆ ಎಲ್ಲೋ ತುಕ್ಕು ಹಿಡಿದ ಒಂದು ಸ್ಕ್ರೂ 1.2 ಓಮ್ ರೋಧ ಒಡ್ಡುತ್ತಿದೆ. ಈಗ ಒಟ್ಟು ರೋಧ 4.8 ಓಮ್. ಹರಿಯುವುದು ಸುಮಾರು 2.6 ಆಂಪಿಯರ್ ಮಾತ್ರ. ಸುರುಳಿಗೆ ದಕ್ಕುವುದು 9.45 ವೋಲ್ಟ್, ಉಳಿದ 3.15 ವೋಲ್ಟನ್ನು ತುಕ್ಕು ನುಂಗುತ್ತಿದೆ. ಹಾಗೆ ನುಂಗಿದ್ದು ಸುಮಾರು 8 ವಾಟ್ ಶಾಖವಾಗುತ್ತದೆ. ಕೆಟ್ಟ ಕೊಂಡಿಯ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿರುವುದು ಇದರಿಂದಲೇ.

ಕೊಂಡಿ ಕಳಚಿದಾಗ ಈ ತುಕ್ಕು ಯಾಕೆ ಕಾಣಲಿಲ್ಲ? ಡಿಜಿಟಲ್ ಮೀಟರಿನ ಒಳರೋಧ ಸಾಮಾನ್ಯವಾಗಿ ಒಂದು ಕೋಟಿ ಓಮ್‌ನಷ್ಟಿರುತ್ತದೆ. ಅದರ ಮೂಲಕ ಹರಿಯುವ ಕರೆಂಟು ಲೆಕ್ಕಕ್ಕೆ ಸಿಗದಷ್ಟು ಅಲ್ಪ. ಕರೆಂಟೇ ಹರಿಯದಿದ್ದರೆ 1.2 ಓಮ್ ಎಷ್ಟು ವೋಲ್ಟ್ ನುಂಗೀತು? ಖಾಲಿ ರಸ್ತೆಯಲ್ಲಿ ಕಿರಿದಾದ ಸೇತುವೆ ಯಾರಿಗೂ ಅಡ್ಡಿಯಾಗುವುದಿಲ್ಲ. ಜಾತ್ರೆಯ ದಿನ ಗೊತ್ತಾಗುತ್ತದೆ. ಆದ್ದರಿಂದ ವಿದ್ಯುತ್ ದಾರಿಯನ್ನು ಹೊರೆ ಹೊತ್ತಾಗಲೇ ಅಳೆಯಬೇಕು.

ತುಕ್ಕು ಎಲ್ಲಿದೆ ಎಂದು ಹುಡುಕುವುದೂ ಇದೇ ಕ್ರಮದಲ್ಲಿ. ಏಸಿ ಹಾಕಿ, ಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ಋಣ ತುದಿಗೆ, ಇನ್ನೊಂದನ್ನು ಕಂಪ್ರೆಸರಿನ ಮೈಗೆ ತಾಗಿಸಬೇಕು. ಆರೋಗ್ಯವಂತ ಕಾರಿನಲ್ಲಿ ಸೊನ್ನೆಗೆ ಹತ್ತಿರದ, ಹೆಚ್ಚೆಂದರೆ ಒಂದು ವೋಲ್ಟಿನ ಐದನೆಯ ಒಂದು ಭಾಗದಷ್ಟು ಅಳತೆ ಬರಬೇಕು. ಮೂರು ವೋಲ್ಟ್ ಬಂದರೆ ಅರ್ಥ್ ದಾರಿಯೇ ಅಪರಾಧಿ. ಸ್ಕ್ರೂ ಬಿಚ್ಚಿ, ಉಪ್ಪುಕಾಗದದಿಂದ ಉಜ್ಜಿ, ಬಿಗಿಯಾಗಿ ತಿರುಗಿಸಿದರೆ ಕೆಲಸ ಮುಗಿಯಿತು. ಬಿಡಿಭಾಗದ ಖರ್ಚು ಸೊನ್ನೆ.

ಮೀಟರ್ ಇಲ್ಲದವರಿಗೂ ಒಂದು ಉಪಾಯವಿದೆ. ಕಾರಿನ ಇಂಡಿಕೇಟರಿನ 21 ವಾಟಿನ ಬಲ್ಬಿಗೆ ಎರಡು ತಂತಿ ಬೆಸೆದು ಕ್ಲಚ್ಚಿನ ಜಾಗದಲ್ಲಿ ಜೋಡಿಸಿದರೆ ಅದೇ ಒಂದು ಹೊರೆಯಾಗುತ್ತದೆ. ಪೂರ್ಣ ಬೆಳಗಿದರೆ ದಾರಿ ಸರಿ, ಮಂಕಾದರೆ ಎಲ್ಲೋ ತುಕ್ಕಿದೆ, ಬೆಳಗದಿದ್ದರೆ ದಾರಿ ಕಡಿದಿದೆ. ಕಂಪ್ಯೂಟರ್ ನಿಯಂತ್ರಣದ ಹೊಸ ಕಾರುಗಳಲ್ಲಿ ಮಾತ್ರ ಈ ಬಲ್ಬಿನ ಪ್ರಯೋಗ ಕೂಡದು. ಅದರ ಸೂಕ್ಷ್ಮ ಭಾಗಗಳು ಅಷ್ಟು ಕರೆಂಟನ್ನು ತಾಳಲಾರವು.

ಅರ್ಧ ಮಾಡುವ ಆಟ

ಒಂದರಿಂದ ನೂರರವರೆಗೆ ಒಂದು ಸಂಖ್ಯೆ ಮನಸ್ಸಿನಲ್ಲಿಟ್ಟುಕೊಂಡರೆ ಅದನ್ನು ಏಳೇ ಪ್ರಶ್ನೆಗಳಲ್ಲಿ ಕಂಡುಹಿಡಿಯುವ ಆಟ ಮಕ್ಕಳಿಗೆ ಗೊತ್ತು. ‘ಐವತ್ತಕ್ಕಿಂತ ಹೆಚ್ಚೊ?’ ಎಂದು ಶುರು ಮಾಡಿ ಪ್ರತಿ ಸಲವೂ ಉಳಿದದ್ದನ್ನು ಅರ್ಧ ಮಾಡುತ್ತಾ ಹೋಗುವುದು. ಕಡಿದ ತಂತಿಯನ್ನು ಹುಡುಕುವ ಒಳ್ಳೆಯ ದಾರಿಯೂ ಇದೇ.

ಫ್ಯೂಸಿನಿಂದ ರಿಲೇಯವರೆಗೆ ಹದಿನಾರು ಕೊಂಡಿಗಳಿವೆ ಎಂದಿರಲಿ. ಮೊದಲನೆಯದರಿಂದ ಒಂದೊಂದಾಗಿ ಕಳಚಿ ನೋಡುತ್ತಾ ಹೋದರೆ ಕೆಟ್ಟ ಅದೃಷ್ಟವಿದ್ದ ದಿನ ಹದಿನಾರೂ ಕಳಚಬೇಕಾದೀತು. ನಡುವಿನ ಎಂಟನೆಯದರಲ್ಲಿ ಅಳೆದರೆ? ಅಲ್ಲಿ ವೋಲ್ಟ್ ಇದ್ದರೆ ಹಿಂದಿನ ಎಂಟೂ ಒಮ್ಮೆಗೇ ಪಾಸು. ಇಲ್ಲದಿದ್ದರೆ ಮುಂದಿನ ಎಂಟನ್ನು ನೋಡಬೇಕಾಗಿಲ್ಲ. ನಾಲ್ಕೇ ಅಳತೆಯಲ್ಲಿ ಜಾಗ ಸಿಗುತ್ತದೆ. ಕಾರಿನಲ್ಲಿ ಈ ನಡುವಿನ ಜಾಗಕ್ಕೆ ಹೇಳಿ ಮಾಡಿಸಿದ್ದು ರಿಲೇ. ಅದನ್ನು ಕಿತ್ತು, ಏಸಿ ಹಾಕಿ, ಕುಳಿಯ 86 ಮತ್ತು 85ರ ನಡುವೆ ವೋಲ್ಟ್ ಇದೆಯೇ ನೋಡಿದರೆ ಕಾವಲುಗಾರರ ಸಾಲು ಪೂರ್ತಿ ತೀರ್ಮಾನವಾಗುತ್ತದೆ. 30ರಲ್ಲಿ ವೋಲ್ಟ್ ಇದೆಯೇ ನೋಡಿದರೆ ದೊಡ್ಡ ದಾರಿಯ ಮೊದಲರ್ಧ ತೀರ್ಮಾನ.

ಇಲ್ಲಿ ಒಡೆಯರಪಾಳ್ಯದ ಮಾತು ಮತ್ತೆ ಬರುತ್ತದೆ. ಚಳಿಗಾಲದಲ್ಲಿ ಸ್ವೆಟರ್ ವ್ಯಾಪಾರಕ್ಕೆಂದು ದೂರದ ಊರುಗಳಿಗೆ ಹೋಗುವುದು ಟಿಬೆಟನ್ ವಸತಿಗಳ ಅನೇಕ ಕುಟುಂಬಗಳ ಹಳೆಯ ರೂಢಿ. ಹೀಗೆ ತಿಂಗಳುಗಟ್ಟಲೆ ನಿಂತ ಕಾರು ಯಾರದೇ ಇರಲಿ, ಜೋಳದ ಕಾಳು ಇರುವ ಮನೆಯ ಪಕ್ಕ ನಿಂತಿದ್ದರೆ ಇಲಿಗಳಿಗೆ ಬಾನೆಟ್ಟಿನ ಒಳಗು ಬೆಚ್ಚನೆಯ ಮನೆ. ಅವು ತಂತಿಯ ಹೊದಿಕೆಯನ್ನು ಕಡಿಯುತ್ತವೆ. ನಿಂತ ಕಾರಿನ ಬ್ಯಾಟರಿಯೂ ಸೊರಗುತ್ತದೆ. ಕಂಪ್ರೆಸರಿನ ರಬ್ಬರ್ ಬಿರಡೆ ಒಣಗಿ ಅನಿಲ ಸೋರುತ್ತದೆ. ಬಹಳ ದಿನ ನಿಂತಿದ್ದ ಕಾರಿನಲ್ಲಿ ಮೊದಲು ಕಣ್ಣಿನಿಂದ ಇಲಿಯ ಗುರುತು, ಆಮೇಲೆ ಬ್ಯಾಟರಿ, ಆಮೇಲೆ ಉಳಿದದ್ದು. ಚಳಿಗಾಲದಲ್ಲಿಯೂ ಆಗಾಗ ಹತ್ತು ನಿಮಿಷ ಏಸಿ ಓಡಿಸಬೇಕು ಎನ್ನುವುದು ಇದಕ್ಕಾಗಿಯೇ. ಆಗ ಎಣ್ಣೆ ಹರಿದಾಡಿ ಬಿರಡೆ ಒದ್ದೆಯಾಗಿರುತ್ತದೆ.

ಬಿಸಿಯಾದರೆ ಮುಷ್ಕರ

ಅತ್ಯಂತ ಕಾಡುವ ರೋಗವೆಂದರೆ ಬೆಳಿಗ್ಗೆ ಸರಿಯಿದ್ದು ಮಧ್ಯಾಹ್ನ ಕೆಡುವುದು. ಕೊಳ್ಳೇಗಾಲದಿಂದ ಲೊಕ್ಕನಹಳ್ಳಿ ದಾಟುವಾಗ ತಂಪಿತ್ತು. ಏರು ಹತ್ತಿ ಎಂಜಿನ್ ಕಾದ ಮೇಲೆ ಇಲ್ಲ. ಮೆಕ್ಯಾನಿಕ್ ಬಾನೆಟ್ ಎತ್ತುವ ಹೊತ್ತಿಗೆ ಆರಿ, ಮತ್ತೆ ಸರಿ!

ಇದರ ಗುಟ್ಟು ತಾಮ್ರದಲ್ಲಿದೆ. ತಾಮ್ರ ಬಿಸಿಯಾದಂತೆ ಅದರ ರೋಧ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು ನೂರಕ್ಕೆ 0.4ರಷ್ಟು ಏರುತ್ತದೆ. 20 ಡಿಗ್ರಿಯಲ್ಲಿ 3.6 ಓಮ್ ಇದ್ದ ಸುರುಳಿ 100 ಡಿಗ್ರಿಗೆ ಕಾದರೆ ಹತ್ತಿರ ಹತ್ತಿರ 4.7 ಓಮ್ ಆಗುತ್ತದೆ. ಕರೆಂಟು ಇಳಿಯುತ್ತದೆ, ಅಯಸ್ಕಾಂತದ ಸೆಳೆತ ಅದಕ್ಕಿಂತ ವೇಗವಾಗಿ ಇಳಿಯುತ್ತದೆ. ತಟ್ಟೆ ಹಿಡಿಯುವುದಿಲ್ಲ, ಅಥವಾ ಜಾರುತ್ತದೆ.

ಹೊಸ ಕ್ಲಚ್ಚಿನಲ್ಲಿ ಇದನ್ನು ತಾಳುವಷ್ಟು ಬಲ ಉಳಿದಿರುತ್ತದೆ. ಹಳೆಯದರಲ್ಲಿ ಇಬ್ಬರಲ್ಲಿ ಒಬ್ಬ ಆ ಬಲವನ್ನು ತಿಂದಿರುತ್ತಾನೆ. ಒಬ್ಬ ಆಗಲೇ ಕಂಡ ತುಕ್ಕು. ಇನ್ನೊಬ್ಬ ತಟ್ಟೆಗೂ ಗಾಲಿಗೂ ನಡುವಿನ ಸಂದು. ಸುಮಾರು ಅರ್ಧ ಮಿಲಿಮೀಟರ್ ಇರಬೇಕಾದ ಈ ಸಂದು ವರ್ಷಗಳ ಸವೆತದಿಂದ ಅಗಲವಾಗಿರುತ್ತದೆ. ದುರ್ಬಲ ಅಯಸ್ಕಾಂತ ಅಷ್ಟು ದೂರದಿಂದ ಎಳೆಯಲಾರದು. ಇಬ್ಬರನ್ನು ಬೇರ್ಪಡಿಸುವುದು ಒಂದೇ ಒಂದು ಅಳತೆ: ರೋಗ ಕಾಣಿಸಿಕೊಂಡಿರುವ ಹೊತ್ತಿನಲ್ಲಿಯೇ, ಬಿಸಿ ಇರುವಾಗಲೇ, ಕ್ಲಚ್ಚಿನ ಮೇಲೆ ಎಷ್ಟು ವೋಲ್ಟ್ ಇದೆ? ಕಡಿಮೆ ಇದ್ದರೆ ದಾರಿಯನ್ನು ಸರಿಪಡಿಸಬೇಕು. ಪೂರ್ಣ ಇದ್ದರೆ ಸಂದನ್ನು. ಸಂದಿನ ಹೊಂದಾಣಿಕೆಗೆ ತೆಳುವಾದ ಬಿಲ್ಲೆಗಳಿರುತ್ತವೆ; ಅನುಭವಿ ಮೆಕ್ಯಾನಿಕ್‌ಗೆ ಅದು ದೊಡ್ಡ ಕೆಲಸವಲ್ಲ. ಕಂಪ್ರೆಸರ್ ಬದಲಾಯಿಸುವ ಮಾತು ಇಲ್ಲಿ ಬರುವುದೇ ಇಲ್ಲ.

ಮತ್ತೆ ಮತ್ತೆ ಫ್ಯೂಸ್ ಹೋಗುವ ಕಾರಿನಲ್ಲಿ ನೋಡಬೇಕಾದ ಒಂದು ಸಣ್ಣ ವಸ್ತು ಡಯೋಡ್. ಸುರುಳಿಯ ಕರೆಂಟನ್ನು ಒಮ್ಮೆಗೇ ಕಡಿದಾಗ ಅದರ ಕಾಂತಕ್ಷೇತ್ರ ಕುಸಿದು ಕ್ಷಣಕಾಲ ದೊಡ್ಡ ವೋಲ್ಟೇಜ್ ಹುಟ್ಟುತ್ತದೆ. ಫ್ಯಾರಡೆ 1831ರಲ್ಲಿ ಕಂಡ ವಿದ್ಯುತ್ಕಾಂತೀಯ ಪ್ರೇರಣೆಯೇ ಇದು. ಆ ಹೊಡೆತದಿಂದ ರಿಲೇಯ ಸಂಪರ್ಕಗಳನ್ನು ಕಾಯಲು ಹಲವು ಕಾರುಗಳಲ್ಲಿ ಸುರುಳಿಗೆ ಅಡ್ಡಲಾಗಿ ಡಯೋಡ್ ಇಟ್ಟಿರುತ್ತಾರೆ. ಕಾವಲಿನ ಡಯೋಡೇ ಸುಟ್ಟು ಎರಡೂ ಕಡೆ ದಾರಿ ಬಿಟ್ಟರೆ, ಏಸಿ ಹಾಕಿದ ಮರುಕ್ಷಣ ಫ್ಯೂಸ್ ಹಾರುತ್ತದೆ.

ಮಾಡಬಾರದ ಕೆಲಸಗಳು

ಹಾರಿದ ಫ್ಯೂಸಿನ ಜಾಗಕ್ಕೆ ತಾಮ್ರದ ತಂತಿಯನ್ನೋ ಸಿಗರೇಟು ಪ್ಯಾಕಿನ ಬೇಗಡೆಯನ್ನೋ ತುರುಕುವುದು ಎಲ್ಲಕ್ಕಿಂತ ಅಪಾಯದ ಕೆಲಸ. ಫ್ಯೂಸ್ ಇರುವುದೇ ತಾನು ಸುಟ್ಟು ತಂತಿಯನ್ನು ಉಳಿಸುವುದಕ್ಕೆ. ಅದಕ್ಕೆ ಬಾಯಿ ಕಟ್ಟಿದರೆ ಮುಂದೆ ಸುಡುವುದು ಡ್ಯಾಶ್‌ಬೋರ್ಡಿನ ಹಿಂದಿನ ತಂತಿಗಳ ಕಟ್ಟು, ಜತೆಗೆ ಕಾರು. ಚಪ್ಪಟೆ ಫ್ಯೂಸುಗಳಿಗೆ ಬಣ್ಣದ ಗುರುತಿದೆ: ಕೆಂಪು 10 ಆಂಪಿಯರ್, ನೀಲಿ 15, ಹಳದಿ 20, ಹಸಿರು 30. ಇದ್ದ ಬಣ್ಣವನ್ನೇ ಹಾಕಬೇಕು. ಎರಡನೆಯದೂ ಹಾರಿದರೆ ಮೂರನೆಯದನ್ನು ಹಾಕದೆ ಕಾರಣ ಹುಡುಕಬೇಕು.

ಒತ್ತಡದ ಸ್ವಿಚ್ಚಿನ ಎರಡು ತಂತಿಗಳನ್ನು ಸೇರಿಸಿ ಏಸಿ ಓಡಿಸುವುದು ಎರಡನೆಯ ತಪ್ಪು. ಆ ಸ್ವಿಚ್ಚು ಕರೆಂಟು ಕಡಿದಿದ್ದರೆ ಅದು ಕೆಟ್ಟಿದೆ ಎಂದೇ ಅರ್ಥವಲ್ಲ. ಅನಿಲ ಇಲ್ಲ ಎಂದು ಅದು ಹೇಳುತ್ತಿರಬಹುದು. ಕಂಪ್ರೆಸರಿಗೆ ಬೇಕಾದ ಎಣ್ಣೆ ಅನಿಲದ ಜತೆಗೇ ಸುತ್ತುತ್ತದೆ. ಅನಿಲವಿಲ್ಲದೆ ಓಡಿಸಿದರೆ ಎಣ್ಣೆಯಿಲ್ಲದೆ ಕಂಪ್ರೆಸರ್ ಕಚ್ಚಿಕೊಳ್ಳುತ್ತದೆ. ಉಳಿತಾಯದ ದಾರಿಯಲ್ಲಿ ಹೊರಟವರು ಅತಿ ದುಬಾರಿ ಭಾಗವನ್ನೇ ಕಳೆದುಕೊಳ್ಳುತ್ತಾರೆ.

ಅನಿಲದ ಕೊಳವೆಯನ್ನು ಮನೆಯಲ್ಲಿ ಬಿಚ್ಚುವುದು ಮೂರನೆಯದು. ಹೊರಚಿಮ್ಮುವ ಅನಿಲ ಕಣ್ಣು, ಚರ್ಮವನ್ನು ಹೆಪ್ಪುಗಟ್ಟಿಸಬಲ್ಲದು. ತೀರ ಹಳೆಯ ಕಾರುಗಳಲ್ಲಿದ್ದ ಆರ್-12 ಅನಿಲ ಓಜೋನ್ ಪದರಕ್ಕೆ ಮಾರಕ. 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಜಗತ್ತು ಅದನ್ನು ಹಂತಹಂತವಾಗಿ ಕೈಬಿಟ್ಟಿತು. ಅದರ ಜಾಗಕ್ಕೆ ಬಂದ ಆರ್-134ಎ ಓಜೋನನ್ನು ಕೆಡಿಸದಿದ್ದರೂ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸಾವಿರ ಪಟ್ಟು ಮೇಲು. ಅದನ್ನು ಹಿಡಿದಿಡುವ ಯಂತ್ರವಿರುವ ಕಡೆಯೇ ಈ ಕೆಲಸ ಆಗಬೇಕು.

ಇನ್ನು ಎಚ್ಚರಿಕೆಯ ಮಾತು. 12 ವೋಲ್ಟ್ ಮುಟ್ಟಿದರೆ ಶಾಕ್ ಹೊಡೆಯದು. ಆದರೆ ಕೈಗಡಿಯಾರದ ಲೋಹದ ಪಟ್ಟಿ ಬ್ಯಾಟರಿಯ ಎರಡು ತುದಿಗಳನ್ನು ಸೇರಿಸಿದರೆ ಕ್ಷಣದಲ್ಲಿ ಕೆಂಪಾಗಿ ಕಾದು ಕೈ ಸುಡುತ್ತದೆ. ರೋಧ ಅಳೆಯುವಾಗ ಕರೆಂಟು ಕಡಿದಿರಬೇಕು. ಎಂಜಿನ್ ಓಡುವಾಗ ಬೆಲ್ಟಿನ ಬಳಿ ದುಪಟ್ಟಾ, ಜಡೆ, ಸಡಿಲ ತೋಳು ಸುಳಿಯಬಾರದು. ವಿದ್ಯುತ್ ಫ್ಯಾನ್ ಎಂಜಿನ್ ನಿಂತ ಮೇಲೂ ತಟ್ಟನೆ ತಿರುಗಬಹುದು. ಮಕ್ಕಳು ಈ ಕೆಲಸಕ್ಕೆ ದೊಡ್ಡವರ ಜತೆಯಲ್ಲಿಯೇ ಇಳಿಯಬೇಕು.

ಒಂದು ನೋಟುಪುಸ್ತಕ

ಹಳೆಯ ಕಾರಿದ್ದ ಮನೆಯಲ್ಲಿ ಒಂದು ನೂರು ಪುಟದ ನೋಟುಪುಸ್ತಕ ಇರುವುದು ಒಳ್ಳೆಯದು. ಯಾವ ತಂತಿ ಎಲ್ಲಿಂದ ಎಲ್ಲಿಗೆ, ನಡುವೆ ಬಣ್ಣ ಎಲ್ಲಿ ಬದಲಾಯಿತು, ಕಾರು ಚೆನ್ನಾಗಿದ್ದಾಗ ಕ್ಲಚ್ಚಿನ ಮೇಲೆ ಎಷ್ಟು ವೋಲ್ಟ್ ಇತ್ತು ಎಂಬುದನ್ನು ಚಿತ್ರ ಬರೆದು ದಿನಾಂಕ ಹಾಕಿ ಇಡಬೇಕು. ಆರೋಗ್ಯದ ಅಳತೆ ಗೊತ್ತಿದ್ದರೆ ತಾನೆ ರೋಗದ ಅಳತೆ ತಿಳಿಯುವುದು? ಈ ಪುಸ್ತಕ ಬರೆಯುವ ಕೆಲಸವನ್ನು ಮನೆಯ ವಿದ್ಯಾರ್ಥಿಗೇ ವಹಿಸಬಹುದು.

ಇಂಥ ಕೆಲಸದಲ್ಲಿ ಆಸಕ್ತಿ ತೋರುವ ಮಗುವನ್ನು ‘ಗ್ರೀಸು ಮುಟ್ಟಬೇಡ, ಓದಿಕೋ’ ಎಂದು ಗದರುವ ಪೋಷಕರೂ ಇದ್ದಾರೆ. ಓದಿದ್ದು ಅಲ್ಲಿಯೇ ಬಳಕೆಗೆ ಬರುತ್ತಿದೆ ಎಂಬುದು ಅವರ ಗಮನಕ್ಕೆ ಬಂದಿರುವುದಿಲ್ಲ. ಎಸ್ಸೆಸ್ಸೆಲ್ಸಿ ನಂತರ ಐಟಿಐಗಳಲ್ಲಿ ಮೋಟಾರು ವಾಹನ ಮೆಕ್ಯಾನಿಕ್ ಮತ್ತು ಶೈತ್ಯೀಕರಣ-ಹವಾನಿಯಂತ್ರಣ ತಂತ್ರಜ್ಞ ಎಂಬ ಎರಡು ವರ್ಷಗಳ ತರಬೇತಿಗಳಿವೆ. ಮುಂದೆ ಡಿಪ್ಲೊಮಾ, ಎಂಜಿನಿಯರಿಂಗ್ ಕಡೆಗೆ ಹೋಗುವವರಿಗೂ ಅಂಗಳದ ಈ ಪಾಠ ವ್ಯರ್ಥವಾಗುವುದಿಲ್ಲ. ವೈದ್ಯರಾಗುವವರಿಗೂ ಅಷ್ಟೆ. ಜ್ವರಕ್ಕೆ ಕಾರಣ ಹುಡುಕದೆ ಔಷಧಿ ಬದಲಾಯಿಸುತ್ತಾ ಹೋಗುವುದೂ, ತಂತಿಯನ್ನು ಅಳೆಯದೆ ರಿಲೇ ಬದಲಾಯಿಸುವುದೂ ಒಂದೇ ಜಾತಿಯ ತಪ್ಪು.

ಮುಂದಿನ ಸಲ ಗ್ಯಾರೇಜಿನಲ್ಲಿ ‘ಕಂಪ್ರೆಸರ್ ಹೋಗಿದೆ’ ಎಂಬ ಮಾತು ಬಂದಾಗ ಜಗಳಕ್ಕೆ ನಿಲ್ಲಬೇಕಾಗಿಲ್ಲ. ‘ಏಸಿ ಹಾಕಿದಾಗ ಕ್ಲಚ್ಚಿನ ಮೇಲೆ ಎಷ್ಟು ವೋಲ್ಟ್ ಇದೆ?’ ಎಂದು ವಿನಯದಿಂದ ಕೇಳಿದರೆ ಸಾಕು. ಒಳ್ಳೆಯ ಮೆಕ್ಯಾನಿಕ್ ಆ ಪ್ರಶ್ನೆಗೆ ಸಂತೋಷಪಟ್ಟು ಮೀಟರ್ ತರುತ್ತಾನೆ.